ಒಂದೇ ದಿನ ನದಿ ಕ್ರೂಸ್, ಮಾರುಕಟ್ಟೆ ಖರೀದಿ ಎರಡೂ: 40 ಜನರ ತಂಡಕ್ಕೆ ಯಾವುದು ಮೊದಲು?

ಸಂಚಾಲಕಿ_40
ನಲವತ್ತು ಜನರ ಒಂದು ದಿನದ ಪ್ರವಾಸ. ಬೆಳಿಗ್ಗೆ ಬಸ್ಸಿನಲ್ಲಿ ಹೊರಟು ಕತ್ತಲಾಗುವ ಹೊತ್ತಿಗೆ ವಾಪಸ್. ಎರಡು ಗಂಟೆ ನದಿಯಲ್ಲಿ ಕ್ರೂಸ್, ಉಳಿದ ಹೊತ್ತು ದೊಡ್ಡ ಮಾರುಕಟ್ಟೆಯಲ್ಲಿ ಖರೀದಿ. ಅರವತ್ತು ದಾಟಿದವರು ಒಂಬತ್ತು ಮಂದಿ, ಮಕ್ಕಳು ಆರು, ಗಾಲಿಕುರ್ಚಿಯಲ್ಲಿ ಒಬ್ಬರು. ತಂಡದಲ್ಲಿ ಈಗಾಗಲೇ ಎರಡು ಪಕ್ಷ ಆಗಿದೆ. ಬೆಳಗಿನ ತಂಪಿನಲ್ಲಿ ಪೇಟೆ ಮುಗಿಸಿ ಸಂಜೆ ಬೋಟು ಹತ್ತೋಣ ಅನ್ನುವವರು ಒಂದು ಕಡೆ, ಬೋಟೇ ಮೊದಲು ಅನ್ನುವವರು ಇನ್ನೊಂದು ಕಡೆ. ಯಾವುದು ಸರಿ, ಯಾಕೆ? ಬೋಟನ್ನು ಇಡಿಯಾಗಿ ಗೊತ್ತು ಮಾಡಬೇಕೋ, ಟಿಕೆಟ್ ತೆಗೆದರೆ ಸಾಕೋ?

ಗಂಟೆಗಾರ
ಬೋಟು ಮೊದಲು. ಬೋಟು ಹೊರಡುವ ಹೊತ್ತು ಗಟ್ಟಿ, ಮಾರುಕಟ್ಟೆಯ ಹೊತ್ತು ಹಿಗ್ಗುತ್ತೆ, ಕುಗ್ಗುತ್ತೆ. ಎರಡೂವರೆ ಗಂಟೆಯ ಖರೀದಿಯನ್ನು ಒಂದೂವರೆಗೆ ಇಳಿಸಿದರೆ ಗೊಣಗಾಟ ಬಿಟ್ಟು ಬೇರೆ ನಷ್ಟ ಇಲ್ಲ. 9.30ರ ಬೋಟು 9.40ಕ್ಕೆ ಸಿಗುವುದಿಲ್ಲ. ಪೇಟೆ ಮೊದಲು ಇಟ್ಟುಕೊಂಡರೆ ಕೊನೆಯ ಅಂಗಡಿಯಲ್ಲಿ ಚೌಕಾಸಿಗೆ ನಿಂತ ಇಬ್ಬರಿಗಾಗಿ ಮೂವತ್ತೆಂಟು ಜನ ಜೆಟ್ಟಿಯಲ್ಲಿ (ಬೋಟು ಹತ್ತುವ ಕಟ್ಟೆಯಲ್ಲಿ) ಬಿಸಿಲು ಕಾಯಬೇಕು.

ಇಡೀ ದಿನವನ್ನು ಬೋಟಿನ ಸಮಯದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಬೋಟು 9.30ಕ್ಕೆ ಅಂದರೆ ಹತ್ತಲು ಶುರು ಮಾಡುವುದು 9.10ಕ್ಕೆ. ಅಗಲ ಕಡಿಮೆಯ ಹಲಗೆಯ ಮೇಲೆ ಒಬ್ಬೊಬ್ಬರೇ ಹೋಗಬೇಕು, ಹಿರಿಯರನ್ನು ಕೈಹಿಡಿದು ಹತ್ತಿಸಬೇಕು. ನಲವತ್ತು ಜನಕ್ಕೆ 15–20 ನಿಮಿಷ ಬೇಕೇ ಬೇಕು. ಶೌಚಾಲಯ, ಟಿಕೆಟ್ ತಪಾಸಣೆಗೆ ಅರ್ಧ ಗಂಟೆ. ಹಾಗಾಗಿ ಜೆಟ್ಟಿ ತಲುಪುವುದು 8.40. ತಂಡಕ್ಕೆ ತಿಳಿಸಬೇಕಾದದ್ದು ಈ 8.40 ಮಾತ್ರ. 9.30 ಅಂತ ಒಮ್ಮೆ ಬಾಯಿಬಿಟ್ಟರೆ ಜನ ಅದನ್ನೇ ಹಿಡಿದುಕೊಳ್ಳುತ್ತಾರೆ.

ಸಂತೆ_ಸುತ್ತು
ಇದು ಎಲ್ಲ ಮಾರುಕಟ್ಟೆಗೂ ಒಪ್ಪುವ ಮಾತಲ್ಲ ಗಂಟೆಗಾರರೇ. ಕೆಲವು ಮಾರುಕಟ್ಟೆಗಳು ಬೆಳಗಿನವು. ಹನ್ನೊಂದಕ್ಕೆ ಹೋದರೆ ಒಳ್ಳೆಯ ಸರಕು ಖಾಲಿ, ಮಧ್ಯಾಹ್ನಕ್ಕೆ ಬಾಗಿಲು. ಕೆಲವು ಕಡೆ ಮಧ್ಯಾಹ್ನ ಎರಡು ಗಂಟೆ ಮುಚ್ಚಿ ಸಂಜೆ ತೆರೆಯುತ್ತಾರೆ. ವಾರದ ರಜೆ ಬೇರೆ. ಅದೂ ಇಡೀ ಮಾರುಕಟ್ಟೆಗೆ ಒಂದೇ ದಿನ ಇರಬೇಕೆಂದಿಲ್ಲ, ಒಂದು ಸಾಲು ಒಂದು ದಿನ, ಇನ್ನೊಂದು ಸಾಲು ಇನ್ನೊಂದು ದಿನ ಮುಚ್ಚಿರುತ್ತೆ. ದಿನ ಗೊತ್ತು ಮಾಡುವ ಮೊದಲು ಅಲ್ಲಿನ ಇಬ್ಬರು ಅಂಗಡಿಯವರನ್ನಾದರೂ ಕೇಳಿ. ನಕ್ಷೆಯ ಆ್ಯಪ್ ತೋರಿಸುವ ಸಮಯ ಒಂದು ಅಂಗಡಿಯದಿರುತ್ತೆ, ಸಾಲಿನದಲ್ಲ.

ಇನ್ನೊಂದು. ಚಳಿಗಾಲದ ಬೆಳಿಗ್ಗೆ ನದಿಯ ಮೇಲೆ ಮಂಜು ಕವಿದರೆ ಬೋಟು ಬಿಡುವುದಿಲ್ಲ. ಬೋಟು ಮೊದಲು ಇಟ್ಟುಕೊಂಡವರ ಇಡೀ ದಿನ ಆಗ ಜಾರುತ್ತದೆ. ಮಂಜಿನ ಕಾಲದಲ್ಲಿ ಮೊದಲ ಬೋಟು ಬೇಡ, ಹತ್ತೂವರೆ ಹನ್ನೊಂದರದ್ದು ಇರಲಿ.

ಗಂಟೆಗಾರ
ಮಂಜಿನ ಮಾತು ಒಪ್ಪಿದೆ. ಆದರೆ ಸಂಜೆ ಬೋಟು ಅನ್ನುವವರು ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಸಿಲೇರಿ ನೆಲ ಕಾದ ಮೇಲೆ ಮಧ್ಯಾಹ್ನ ಗಾಳಿ ಜೋರಾಗುವುದು ಸಾಮಾನ್ಯ, ಬೆಳಿಗ್ಗೆ ನೀರು ಶಾಂತ. ಅಗಲವಾದ ನದಿಯಲ್ಲಿ ಸೆಳವಿಗೆ ಎದುರಾಗಿ ಗಾಳಿ ಬೀಸಿದರೆ ಗಿಡ್ಡನೆಯ, ಕಡಿದಾದ ಅಲೆ ಏಳುತ್ತದೆ. ಹಿರಿಯರಿಗೂ ಮಕ್ಕಳಿಗೂ ತಲೆಸುತ್ತು ಬರಿಸುವುದು ಅದೇ.

ನದಿಪಾತ್ರ
ಹೊತ್ತಿನ ಲೆಕ್ಕದಲ್ಲಿ ಎಲ್ಲರೂ ಬಿಡುವ ಒಂದು ವಿಷಯ ಸೆಳವು. "ಹೋಗುವಾಗ ಎಷ್ಟೋ ಬರುವಾಗಲೂ ಅಷ್ಟೇ" ಎನ್ನುವುದು ಕೆರೆಗೆ ಸರಿ, ಹೊಳೆಗಲ್ಲ.

ನಿಂತ ನೀರಿನಲ್ಲಿ ಗಂಟೆಗೆ 12 ಕಿ.ಮೀ. ಓಡುವ ಬೋಟು, ಗಂಟೆಗೆ 3 ಕಿ.ಮೀ. ಸೆಳವು, 18 ಕಿ.ಮೀ. ದೂರ ಇಟ್ಟುಕೊಳ್ಳಿ. ಸೆಳವಿನ ಜೊತೆ 15ರ ವೇಗ, 1 ಗಂಟೆ 12 ನಿಮಿಷ. ಎದುರಾಗಿ 9ರ ವೇಗ, ಸರಿಯಾಗಿ 2 ಗಂಟೆ. ಒಟ್ಟು 3 ಗಂಟೆ 12 ನಿಮಿಷ, ನಿಂತ ನೀರಿನ ಲೆಕ್ಕಕ್ಕಿಂತ 12 ನಿಮಿಷ ಹೆಚ್ಚು. ಇದೇನು ಮಹಾ ಅನ್ನಿಸಬಹುದು. ಮೇಲೆ ಮಳೆಯಾಗಿ ಅಥವಾ ಅಣೆಕಟ್ಟಿನಿಂದ ನೀರು ಬಿಟ್ಟು ಸೆಳವು 6 ಆಯಿತು ಅಂದುಕೊಳ್ಳಿ. ಹೋಗಲು 1 ಗಂಟೆ, ಬರಲು 3 ಗಂಟೆ. ನಾಲ್ಕು ಗಂಟೆ ಅಲ್ಲಿಗೆ ಮುಗಿಯಿತು, ಇಂಧನದ ಖರ್ಚೂ ಏರಿತು. ಬೋಟಿನವರಿಗೆ ಕೇಳಬೇಕಾದ ಪ್ರಶ್ನೆ "ಎಷ್ಟು ಹೊತ್ತಿನ ಪ್ರಯಾಣ" ಅಲ್ಲ. "ಮೊದಲು ಯಾವ ದಿಕ್ಕಿಗೆ, ನೀರು ಏರಿದಾಗ ಎಷ್ಟು ಹೊತ್ತು" ಎಂದು ಕೇಳಿ. ಮೊದಲು ಸೆಳವಿಗೆ ಎದುರಾಗಿ ಹೋಗಿ ವಾಪಸ್ ಬರುವಾಗ ಜೊತೆಗೆ ಬಂದರೆ ತಡವಾದದ್ದು ಅರ್ಧ ದಾರಿಯಲ್ಲೇ ತಿಳಿಯುತ್ತೆ, ಅಲ್ಲಿಂದಲೇ ತಿರುಗಬಹುದು. ಉಲ್ಟಾ ಮಾಡಿದರೆ ಆ ಅವಕಾಶ ಇಲ್ಲ.

ಉಬ್ಬರವಿಳಿತ
ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರದ ಕ್ರೂಸ್ ಆದರೆ ಮೇಲಿನ ಲೆಕ್ಕದ ಜೊತೆಗೆ ಉಬ್ಬರ ಇಳಿತವನ್ನೂ ನೋಡಿ. ಬಹಳಷ್ಟು ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಈ ಭಾನುವಾರ ಬೆಳಿಗ್ಗೆ 9ಕ್ಕೆ ನೀರು ತುಂಬಿದ್ದರೆ ಮುಂದಿನ ಭಾನುವಾರ ಅದೇ 9ಕ್ಕೆ ಹೆಚ್ಚುಕಡಿಮೆ ಇಳಿತ. ಪ್ರವಾಸ ಒಂದು ವಾರ ಮುಂದೂಡಿ ಹಳೆಯ ವೇಳಾಪಟ್ಟಿಯನ್ನೇ ಇಟ್ಟುಕೊಂಡರೆ ಕೆಡುವುದು ಇಲ್ಲೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದ ವ್ಯತ್ಯಾಸ ಇನ್ನೂ ದೊಡ್ಡದು.

ಪೂರ್ತಿ ಉಬ್ಬರದಲ್ಲಿ ಸೇತುವೆಯ ಕೆಳಗೆ ಜಾಗ ಕಡಿಮೆ, ಮೇಲಿನ ಡೆಕ್‌ನವರನ್ನು ಕೂರಿಸುತ್ತಾರೆ ಇಲ್ಲವೇ ದಾರಿ ಬದಲಿಸುತ್ತಾರೆ. ಪೂರ್ತಿ ಇಳಿತದಲ್ಲಿ ಮರಳದಿಬ್ಬದ ಕಾಟ, ಮೇಲಾಗಿ ಹತ್ತುವ ಹಲಗೆ ಕಡಿದಾಗುತ್ತೆ.

ಇಳಿಜಾರು
ಆ ಕೊನೆಯ ಸಾಲು ಗಾಲಿಕುರ್ಚಿಯವರಿಗೆ ಎಲ್ಲಕ್ಕಿಂತ ಮುಖ್ಯ. ಗಾಲಿಕುರ್ಚಿಗೆ ಸಾಮಾನ್ಯವಾಗಿ ಒಪ್ಪುವ ಇಳಿಜಾರು 1:12, ಅಂದರೆ 12 ಮೀಟರ್ ಉದ್ದಕ್ಕೆ 1 ಮೀಟರ್ ಏರಿಳಿತ. ಹಲಗೆ 6 ಮೀಟರ್ ಉದ್ದ ಇದ್ದರೆ ದಡಕ್ಕೂ ತೇಲುವ ಜೆಟ್ಟಿಗೂ ಅರ್ಧ ಮೀಟರ್ ಎತ್ತರದ ವ್ಯತ್ಯಾಸದವರೆಗೆ ಸರಿ. ನೀರು ಇಳಿದು ಒಂದೂವರೆ ಮೀಟರ್ ಆದರೆ 1:4, ಅಲ್ಲಿ ತಳ್ಳುವುದು ಅಪಾಯ. ತೇಲುವ ಜೆಟ್ಟಿಯೋ, ಕಲ್ಲಿನ ಮೆಟ್ಟಿಲೋ ಮೊದಲೇ ಕೇಳಿ. ಮೆಟ್ಟಿಲಾದರೆ ಕುರ್ಚಿ ಸಮೇತ ಎತ್ತಲು ನಾಲ್ವರು ಬೇಕು, ಒದ್ದೆ ಮೆಟ್ಟಿಲಲ್ಲಿ ಅದು ಬೇಡವೇ ಬೇಡ. ಇಳಿಯುವ ಜೆಟ್ಟಿಯ ಫೋಟೊವನ್ನೂ ತರಿಸಿಕೊಳ್ಳಿ. ಹತ್ತುವ ಕಡೆ ಚೆನ್ನಾಗಿದ್ದು ಇಳಿಯುವ ಕಡೆ ಬರೀ ಮೆಟ್ಟಿಲಿರುವುದುಂಟು.

ಮಿಕ್ಕವರಿಗೆ ಇಷ್ಟು: ಒಂದು ಕೈ ಖಾಲಿ ಇರಲಿ, ಬೋಟಿಗೂ ಜೆಟ್ಟಿಗೂ ನಡುವೆ ಕೈ ಕಾಲು ಇಡಬೇಡಿ. ಬೋಟು ದೂರ ಹೋಗುತ್ತಿದೆ ಅಂತ ಕೈಯಿಂದ ಎಳೆದು ಹಿಡಿಯಲು ಹೋದವರ ಬೆರಳೇ ಜಜ್ಜುವುದು. ಆ ಕೆಲಸಕ್ಕೆ ಹಗ್ಗ ಇದೆ, ಸಿಬ್ಬಂದಿ ಇದ್ದಾರೆ.

ಸಂಚಾಲಕಿ_40
ಎರಡೂ ಪಕ್ಷಕ್ಕೆ ಉತ್ತರ ಸಿಕ್ಕ ಹಾಗಿದೆ. ಹೋದ ದಾರಿಯಲ್ಲೇ ವಾಪಸ್ ಬರದೆ, ಬೋಟಿನಲ್ಲಿ ಮಾರುಕಟ್ಟೆ ಇರುವ ಊರಿಗೆ ಹೋಗಿ ಅಲ್ಲೇ ಇಳಿದುಬಿಟ್ಟರೆ? ಬಸ್ಸು ರಸ್ತೆಯಲ್ಲಿ ಬಂದು ಅಲ್ಲಿ ಕಾಯಲಿ.

ಗಂಟೆಗಾರ
ನಿಮ್ಮ ತಂಡಕ್ಕೆ ಅದೇ ಸರಿ ಮೇಡಂ. ನೋಡಿದ್ದೇ ನೋಡುವ ಬೇಸರ ಇಲ್ಲ, ಖರೀದಿಯ ಗಂಟುಮೂಟೆ ಬೋಟಿಗೆ ಬರುವುದಿಲ್ಲ, ಬಸ್ಸಿನ ಡಿಕ್ಕಿಯೇ ಉಗ್ರಾಣ. ಆದರೆ ಜೆಟ್ಟಿಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಎಷ್ಟು ನಡಿಗೆ ಅಂತ ನೋಡಿ. ಹಳೆಯ ಪೇಟೆಗಳ ಬೀದಿಗೆ ದೊಡ್ಡ ಬಸ್ಸು ನುಗ್ಗುವುದಿಲ್ಲ. ಮೂವತ್ತು ಜನಕ್ಕೆ 800 ಮೀಟರ್ ಏನೂ ಅಲ್ಲ, ಆ ಒಂಬತ್ತು ಹಿರಿಯರಿಗೆ ಕೈಯಲ್ಲಿ ಚೀಲ ಹಿಡಿದುಕೊಂಡು ಬಹಳ ದೂರ.

ತೂಕಡಿಕೆ
ಡಿಕ್ಕಿಯ ವಿಷಯ ಬಂದದ್ದು ಒಳ್ಳೆಯದಾಯಿತು. ಚೀಲಗಳನ್ನು ಬೋಟಿಗೆ ಒಯ್ಯುವುದು ಬರೀ ಕಿರಿಕಿರಿಯ ಮಾತಲ್ಲ. ಹಡಗುಗಳ ಸ್ಥಿರತೆಯ ಅಂತರರಾಷ್ಟ್ರೀಯ ಸಂಹಿತೆಯಲ್ಲಿ ಪ್ರಯಾಣಿಕರ ತೂಕವನ್ನು ತಲಾ 75 ಕೆ.ಜಿ. ಎಂದು ಹಿಡಿಯುತ್ತಾರೆ. ನಲವತ್ತು ಜನ ತಲಾ 6 ಕೆ.ಜಿ. ಸಾಮಾನು ಕೊಂಡರೆ 240 ಕೆ.ಜಿ., ಅಂದರೆ ಮೂವರಿಗಿಂತ ಹೆಚ್ಚು ಜನ ಲೆಕ್ಕಕ್ಕೆ ಸಿಗದೆ ಹತ್ತಿದ ಹಾಗೆ. ಅದನ್ನು ಮೇಲಿನ ಡೆಕ್‌ನಲ್ಲಿ ಪೇರಿಸಿದರೆ ಇನ್ನೂ ಕೆಟ್ಟದ್ದು. ಭಾರ ಮೇಲೇರಿದಷ್ಟೂ ಬೋಟು ವಾಲಿದ ಮೇಲೆ ನೆಟ್ಟಗಾಗುವ ಬಲ ಕಳೆದುಕೊಳ್ಳುತ್ತದೆ. ಒಯ್ಯಲೇಬೇಕಾದರೆ ಕೆಳಗಿನ ಡೆಕ್, ನಡುಭಾಗ, ಎರಡೂ ಬದಿಗೆ ಸಮ, ಓಡಾಡುವ ದಾರಿಗೆ ಅಡ್ಡವಿಲ್ಲದಂತೆ.

ಇನ್ನೊಂದು, ಫೋಟೊ ಹುಚ್ಚು. "ಅಲ್ಲಿ ನೋಡಿ" ಅಂತ ಯಾರೋ ಕೂಗುತ್ತಾರೆ, ಎಲ್ಲರೂ ಒಂದೇ ಬದಿಗೆ ಓಡುತ್ತಾರೆ. ಅದೇ ಸಂಹಿತೆಯ ಪ್ರಕಾರ ಜನ ಒಂದು ಬದಿಗೆ ಗುಂಪುಗೂಡಿದರೂ ವಾಲಿಕೆ 10 ಡಿಗ್ರಿ ಮೀರಬಾರದು. 10 ಡಿಗ್ರಿ ಅಂದರೆ 4 ಮೀಟರ್ ಅಗಲದ ಡೆಕ್‌ನಲ್ಲಿ ಒಂದು ಅಂಚಿಗಿಂತ ಇನ್ನೊಂದು ಅಂಚು ಸುಮಾರು 70 ಸೆಂ.ಮೀ. ಕೆಳಗೆ. ಸಣ್ಣ ಬೋಟಿನ ವಿನ್ಯಾಸಕ್ಕೆ ಈ ಪರೀಕ್ಷೆ ಆಗಿದೆಯೋ ಇಲ್ಲವೋ ಹತ್ತಿದವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಗುಂಪು ಫೋಟೊ ದಡದಲ್ಲೇ ಮುಗಿಸಿ. ಬೋಟಿನಲ್ಲಿ ಬದಿಗೆ ಎಂಟೆಂಟು ಜನ, ಸರದಿಯಂತೆ.

ಸಂತೆ_ಸುತ್ತು
ಲೈಫ್ ಜಾಕೆಟ್ ಬಗ್ಗೆಯೂ ಬರೆಯಿರಿ ತೂಕಡಿಕೆಯವರೇ. ನಲವತ್ತು ಜಾಕೆಟ್ ಇದೆ ಅಂತಾರೆ, ಎಲ್ಲಾ ದೊಡ್ಡವರದ್ದೇ.

ತೂಕಡಿಕೆ
ಹೌದು, ಎಣಿಕೆ ಸಾಲದು, ಅಳತೆ ಬೇಕು. ಅಂತರರಾಷ್ಟ್ರೀಯ ವಿಂಗಡಣೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: 15 ಕೆ.ಜಿ.ಗಿಂತ ಕಡಿಮೆಗೆ ಶಿಶುವಿನದು, 15ರಿಂದ 43ರ ಒಳಗಿನವರಿಗೆ ಮಕ್ಕಳದ್ದು, 43 ಮತ್ತು ಮೇಲ್ಪಟ್ಟವರಿಗೆ ದೊಡ್ಡವರದ್ದು. ಆರು ಮಕ್ಕಳ ತೂಕ ಬರೆದು ಬೋಟಿನವರಿಗೆ ಮುಂಚೆಯೇ ಕಳಿಸಿ. ಹಾಕಿದ ಮೇಲೆ ಹೆಗಲ ಹತ್ತಿರ ಎರಡು ಕಡೆ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲ, ಕಿವಿಯವರೆಗೆ ಎದ್ದು ಬಂದರೆ ನೀರಿನಲ್ಲಿ ಮಗು ಜಾಕೆಟ್ಟಿನಿಂದ ಜಾರುತ್ತದೆ. ತೊಡೆಸಂದಿನ ಪಟ್ಟಿ ಇದ್ದರೆ ಕಟ್ಟಲೇಬೇಕು. ಜಾಕೆಟ್ಟಿನ ಮೇಲೆ ಬೆನ್ನುಚೀಲ, ಅಡ್ಡಚೀಲ ಬೇಡ. ತೆರೆದ ಬೋಟಿನಲ್ಲಿ ಇಡೀ ಹೊತ್ತು ಮೈಮೇಲಿರಲಿ. ಮುಚ್ಚಿದ ಕ್ಯಾಬಿನ್ ಇರುವ ದೊಡ್ಡ ಬೋಟಿನಲ್ಲಿ ಎಲ್ಲಿಟ್ಟಿದ್ದಾರೆ, ಯಾವಾಗ ಹಾಕಬೇಕು ಅನ್ನುವುದನ್ನು ಸಿಬ್ಬಂದಿ ಹೇಳಿದಂತೆ ಮಾಡಿ. ಗಾಳಿ ತುಂಬುವ ಬಗೆಯದ್ದನ್ನು ಒಳಗೆ ಕೂತು ಉಬ್ಬಿಸಿಕೊಂಡರೆ, ನೀರು ನುಗ್ಗಿದಾಗ ಅದು ಚಾವಣಿಗೆ ಒತ್ತಿಹಿಡಿದು ಹೊರಬರಲು ಬಿಡುವುದಿಲ್ಲ.

ಪಾಲುಲೆಕ್ಕ
ಬಾಡಿಗೆಯೋ ಟಿಕೆಟ್ಟೋ ಅನ್ನುವುದಕ್ಕೆ ಯಾರೂ ಉತ್ತರಿಸಿಲ್ಲ. ಟಿಕೆಟ್ ಬೋಟು ನಿಮಗಾಗಿ ಕಾಯುವುದಿಲ್ಲ, ನಲವತ್ತು ಸೀಟು ಒಟ್ಟಿಗೆ ಸಿಗುವುದೂ ಕಷ್ಟ. ಆದರೆ ಹತ್ತು ಜನ ಕೈಕೊಟ್ಟರೆ ಹತ್ತು ಟಿಕೆಟ್ಟಿನ ನಷ್ಟ ಅಷ್ಟೇ. ಇಡೀ ಬೋಟು ಹಿಡಿದರೆ ಬಾಡಿಗೆ ಸ್ಥಿರ, ಬಿಟ್ಟುಹೋದವರ ಪಾಲು ಉಳಿದವರ ತಲೆಗೆ. ನಲವತ್ತರಿಂದ ಭಾಗಿಸಿ ಹಣ ಎತ್ತಿ, ಆರು ಜನ ಬರದಿದ್ದರೆ ಉಳಿದ 34 ಜನ ತಲಾ ಸುಮಾರು 18% ಹೆಚ್ಚು ಕೊಡಬೇಕು. ಆ ಮಾತನ್ನು ಪ್ರವಾಸದ ದಿನ ಬಸ್ಸಿನಲ್ಲಿ ಎತ್ತಿದರೆ ಏನಾಗುತ್ತೆ ಅಂತ ನೀವೇ ಊಹಿಸಿ.

ಹಾಗಾಗಿ ಬಸ್ಸು, ಬೋಟಿನ ಸ್ಥಿರ ಖರ್ಚನ್ನು 34ರಿಂದ ಭಾಗಿಸಿ, ಊಟದಂಥ ತಲಾ ಖರ್ಚನ್ನು ಅದಕ್ಕೆ ಕೂಡಿಸಿ. ಎಲ್ಲರೂ ಬಂದರೆ ಮಿಕ್ಕ ಹಣ ವಾಪಸ್ ಕೊಡಿ. ಸ್ಥಿರ ಭಾಗ ಮುಂಗಡ, ಇಂಥ ದಿನಾಂಕದ ನಂತರ ಅದು ಹಿಂದಿರುಗುವುದಿಲ್ಲ ಅಂತ ಮೊದಲ ಸಂದೇಶದಲ್ಲೇ ಬರೆಯಿರಿ.

ಬೋಟಿನವರಿಂದ ಬರಹದಲ್ಲಿ ಪಡೆಯಬೇಕಾದದ್ದು: ಪರವಾನಗಿಯಲ್ಲಿರುವ ಪ್ರಯಾಣಿಕರ ಸಂಖ್ಯೆ (ಮಕ್ಕಳನ್ನೂ ಎಣಿಸುತ್ತಾರೆಯೇ?), ತಪಾಸಣೆ ಪತ್ರದ ಅವಧಿ, ವಿಮೆ, ತಡವಾದರೆ ಗಂಟೆಗೆ ಎಷ್ಟು, ಇಂಧನ ಯಾರದು, ಹವೆ ಕೆಟ್ಟರೆ ಹಣ ವಾಪಸ್ಸೋ ಬೇರೆ ದಿನವೋ. ಬೋಟು ಬಿಡಬೇಕೋ ಬೇಡವೋ ಅನ್ನುವ ಕೊನೆಯ ಮಾತು ಬೋಟು ನಡೆಸುವವರದ್ದು. ಹಣ ಕೊಟ್ಟಿದ್ದೇವೆ ಅಂತ ಅವರ ಮೇಲೆ ಒತ್ತಡ ಹಾಕುವ ತಂಡಗಳಿವೆ, ಶುದ್ಧ ಅವಿವೇಕ.

ಇಳಿಜಾರು
ಶೌಚಾಲಯ ಎಷ್ಟು ಅಂತಲೂ ಕೇಳಿ. ಒಂದೇ ಇದ್ದು ಒಬ್ಬರಿಗೆ 3 ನಿಮಿಷ ಅಂದರೂ ನಲವತ್ತು ಜನಕ್ಕೆ 2 ಗಂಟೆ, ಅಂದರೆ ನಿಮ್ಮ ಪೂರ್ತಿ ಕ್ರೂಸ್. ಹತ್ತುವ ಮೊದಲೇ ಎಲ್ಲರೂ ಹೋಗಿ ಬರಲಿ.

ನದಿಪಾತ್ರ
ತಲೆಸುತ್ತಿನವರಿಗೆ: ನದಿಯಲ್ಲಿ ಕುಲುಕಾಟದ ಜೊತೆ ಡೀಸೆಲ್ ಹೊಗೆಯೂ ವಾಕರಿಕೆ ತರುತ್ತೆ. ಹೊಗೆಕೊಳವೆ ಹೆಚ್ಚಾಗಿ ಹಿಂಭಾಗದಲ್ಲಿರುತ್ತೆ. ನಡುಭಾಗದಲ್ಲಿ, ಗಾಳಿಯಾಡುವ ಕಡೆ, ಮುಂದೆ ಮುಖ ಮಾಡಿ ಕೂತು ದೂರದ ದಡ ನೋಡಬೇಕು. ಮೊಬೈಲ್ ನೋಡಬಾರದು. ಮಾತ್ರೆ ತೆಗೆದುಕೊಳ್ಳುವುದಾದರೆ ಹತ್ತುವ ಅರ್ಧದಿಂದ ಒಂದು ಗಂಟೆ ಮೊದಲು, ವಾಕರಿಕೆ ಶುರುವಾದ ಮೇಲೆ ನುಂಗಿ ಪ್ರಯೋಜನ ಕಡಿಮೆ. ಅದು ನಿದ್ದೆ ಬರಿಸುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಸಂತೆ_ಸುತ್ತು
ಈಗ ನನ್ನ ಇಲಾಖೆ. ಎರಡೂವರೆ ಗಂಟೆ ಖರೀದಿ ಅಂತ ಬರೆದರೆ ಕೈಗೆ ಸಿಗುವುದು ಒಂದೂಮುಕ್ಕಾಲು. ಹೋಗಲು ಬರಲು ಹತ್ತತ್ತು ನಿಮಿಷ, ಶೌಚಾಲಯ, ನೀರು, ಒಬ್ಬರನ್ನೊಬ್ಬರು ಹುಡುಕುವುದು, ಎಲ್ಲ ಕಳೆಯಿರಿ. ಮೊದಲ ಅರ್ಧ ಗಂಟೆ ಬರೀ ಸುತ್ತಾಟ, ಬೆಲೆ ಕೇಳುವುದು. ಕೊಳ್ಳುವುದು ಆಮೇಲೆ. ಒಡೆಯುವ ವಸ್ತು, ಭಾರದ ವಸ್ತು ಕೊನೆಗೆ.

ಒಂದೇ ದಿನಕ್ಕೆ ಬಂದವರು ಕೊಂಡದ್ದನ್ನು ಬದಲಾಯಿಸಲು ನಾಳೆ ಬರಲಾರರು, ಇದು ಅಂಗಡಿಯವರಿಗೂ ಗೊತ್ತು. ಅದಕ್ಕೇ ಅಂಗಡಿಯಲ್ಲೇ ನಿಂತು ನೋಡಿ: ಬಟ್ಟೆಯಾದರೆ ಉದ್ದದ ಜೊತೆ ಅಗಲವನ್ನೂ ಅಳೆಸಿ, ಪೂರ್ತಿ ಬಿಚ್ಚಿಸಿ ಬೆಳಕಿಗೆ ಹಿಡಿಯಿರಿ. ತಕ್ಕಡಿ ಸೊನ್ನೆಯಲ್ಲಿದೆಯೇ ನೋಡಿ. ಕರೆಂಟಿನ ಸಾಮಾನು ಹಾಕಿಸಿ ನೋಡದೆ ಹಣ ಕೊಡಬೇಡಿ. ಪಾದರಕ್ಷೆ ಎರಡೂ ಕಾಲಿಗೆ.

ಎಂಟು ಜನ ಒಂದೇ ಅಂಗಡಿಗೆ ನುಗ್ಗಿ ಎಲ್ಲರೂ ಬೆಲೆ ಕೇಳಿದರೆ ಚೌಕಾಸಿ ಅಲ್ಲಿಗೇ ಸತ್ತಿತು. ಒಬ್ಬರೇ ಮಾತಾಡಲಿ, ಮಿಕ್ಕವರು ಮೆಚ್ಚುಗೆ ಮನಸ್ಸಿನಲ್ಲೇ ಇಟ್ಟುಕೊಳ್ಳಲಿ. ಆರು ಒಟ್ಟಿಗೆ ಕೊಳ್ಳುತ್ತೇವೆ ಅನ್ನುವುದನ್ನು ಕೊನೆಗೆ ಹೇಳಿ. "ಬೇಗ ಹೇಳಿ, ಬಸ್ಸಿಗೆ ಹೊತ್ತಾಯಿತು" ಅನ್ನುವುದನ್ನಂತೂ ಹೇಳಲೇಬೇಡಿ, ಆಮೇಲೆ ಬೆಲೆ ಇಳಿಯುವುದಿಲ್ಲ. ಚಾವಣಿ ಇರುವ ಹಳೆಯ ಮಾರುಕಟ್ಟೆಯ ಒಳಗೆ ಸಿಗ್ನಲ್ ಬಿದ್ದುಹೋಗಿ ಮೊಬೈಲ್ ಪಾವತಿ ಸಿಕ್ಕಿಕೊಳ್ಳುತ್ತೆ, ಚಿಲ್ಲರೆ ನೋಟು ಇರಲಿ.

ತಲೆಎಣಿಕೆ
ಕೂಡುವ ಜಾಗಕ್ಕೆ "ಮುಖ್ಯ ಬಾಗಿಲು" ಅಂತ ಹೇಳಬೇಡಿ. ದೊಡ್ಡ ಮಾರುಕಟ್ಟೆಗೆ ನಾಲ್ಕು ಬಾಗಿಲಿದ್ದು, ಒಳಗಿನಿಂದ ನೋಡಿದರೆ ನಾಲ್ಕೂ ಮುಖ್ಯವೇ. ಗಾಡಿ, ತಳ್ಳುಬಂಡಿ, ನಿಂತ ಬಸ್ಸು ಇವೂ ಗುರುತಲ್ಲ, ಜಾಗ ಬದಲಿಸುತ್ತವೆ. ಕದಲದ ಕಟ್ಟಡ ಇರಲಿ, ನೆರಳು, ಕೂರಲು ಜಾಗ ಇರಲಿ. ಅದರ ಫೋಟೊ ಎಲ್ಲರ ಮೊಬೈಲಿಗೆ. ಹಿರಿಯರಿಗೂ ಮಕ್ಕಳಿಗೂ ಜಾಗದ ಹೆಸರು, ಎರಡು ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿ.

ಎಂಟು ಜನರ ಐದು ಗುಂಪು ಮಾಡಿ. ಮನೆಯವರನ್ನು ಬೇರೆ ಮಾಡಬೇಡಿ. ಪ್ರತಿಯೊಬ್ಬರಿಗೂ 1ರಿಂದ 40ರವರೆಗೆ ಸಂಖ್ಯೆ, ಅದೇ ಸಂಖ್ಯೆ ಚೀಲದ ಮೇಲೂ. ಎಣಿಸುವಾಗ ಪ್ರತಿಯೊಬ್ಬರೂ ತಮ್ಮ ಸಂಖ್ಯೆ ಕೂಗಬೇಕು, ಎಲ್ಲಿ ಮೌನವೋ ಅವರೇ ಇಲ್ಲದವರು. ನಾಯಕರು ಬೆರಳೆತ್ತಿ ಎಣಿಸಿದರೆ 39 ಅಂತ ಸಿಗುತ್ತೆ, ಯಾರು ಅಂತ ಸಿಗುವುದಿಲ್ಲ. "ಅವರು ಬಂದಿದ್ದಾರೆ, ಹಿಂದೆ ಇದ್ದಾರೆ" ಅಂತ ಇನ್ನೊಬ್ಬರ ಪರವಾಗಿ ಕೂಗುವುದನ್ನು ಖಡಾಖಂಡಿತ ನಿಲ್ಲಿಸಿ. ಜನ ಬಿಟ್ಟುಹೋಗುವುದಕ್ಕೆ ಅದೇ ದಾರಿ. ಎಣಿಕೆ ಬೋಟು ಹತ್ತಿದ ಮೇಲೆ, ಇಳಿದ ಮೇಲೆ, ಊಟದ ನಂತರ, ಬಸ್ಸು ಹೊರಡುವ ಮೊದಲು.

ಯಾರಾದರೂ ಸಿಗದಿದ್ದರೆ: ಐದು ನಿಮಿಷ ಫೋನ್, ಆಮೇಲೆ ಕೊನೆಗೆ ಜೊತೆಗಿದ್ದವರು ಮತ್ತು ಗುಂಪಿನ ನಾಯಕ, ಇಬ್ಬರು ಮಾತ್ರ, ಕೊನೆಗೆ ಕಂಡ ಜಾಗಕ್ಕೆ. ಹತ್ತು ಜನ ಹುಡುಕಲು ಹೊರಟರೆ ಹನ್ನೊಂದು ಜನ ಕಾಣೆ. ಮಗುವಾದರೆ ಈ ಕ್ರಮ ಬಿಡಿ, ಕೂಡಲೇ ಮಾರುಕಟ್ಟೆಯ ಕಾವಲಿನವರಿಗೂ ಪೊಲೀಸರಿಗೂ ತಿಳಿಸಿ.

ಸಂಚಾಲಕಿ_40
ಎಲ್ಲರಿಗೂ ವಂದನೆ. ಕರಡು ಹೀಗಿದೆ, ತಿದ್ದಿ:
7.00 ಬಸ್ಸು, 8.40 ಜೆಟ್ಟಿ, 9.10 ಹತ್ತುವುದು, 9.30 ಬೋಟು, 11.30 ಮಾರುಕಟ್ಟೆ ಊರಿನ ಜೆಟ್ಟಿ, 11.40 ಊಟ, 12.40–3.10 ಮಾರುಕಟ್ಟೆ, 3.20 ಬಸ್ಸು.

ಗಂಟೆಗಾರ
11.30ಕ್ಕೆ ತಲುಪಿ 11.40ಕ್ಕೆ ಊಟಕ್ಕೆ ಕೂರಲಾಗದು. ಇಳಿಯಲು 15, ಶೌಚಾಲಯಕ್ಕೆ 20. ಊಟ 12.10. ಕೊನೆಯಲ್ಲಿ 3.10ಕ್ಕೆ ಕೂಡಿದರೆ 3.20ಕ್ಕೆ ಬಸ್ಸು ಅಸಾಧ್ಯ, ಚೀಲ ತುಂಬಲೇ ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಮಾರುಕಟ್ಟೆ 1.10ರಿಂದ 3.20, ಬಸ್ಸು 3.50. ಬೋಟು ಅರ್ಧ ಗಂಟೆ ತಡವಾದರೆ ಖರೀದಿಯಲ್ಲಿ ಕಡಿಯಿರಿ, ಊಟದಲ್ಲಲ್ಲ.

ಪಾಲುಲೆಕ್ಕ
ಬೋಟು ರದ್ದಾದರೆ ಏನು ಅನ್ನುವುದು ಪಟ್ಟಿಯಲ್ಲಿಲ್ಲ. ಹಿಂದಿನ ಸಂಜೆ 6ಕ್ಕೊಮ್ಮೆ, ಬೆಳಿಗ್ಗೆ 6.30ಕ್ಕೊಮ್ಮೆ ಬೋಟಿನವರಿಗೆ ಫೋನ್ ಮಾಡಿ. ಬೆಳಿಗ್ಗೆಯೇ ರದ್ದೆಂದು ಗೊತ್ತಾದರೆ ಬಸ್ಸು ನೇರ ಮಾರುಕಟ್ಟೆಗೆ.

ಇಳಿಜಾರು
ಮತ್ತೆ, ನಿಮ್ಮನ್ನು ಇಳಿಸಿದ ಕೂಡಲೇ ಬಸ್ಸನ್ನು ಮುಂದಿನ ಊರಿಗೆ ಕಳಿಸಬೇಡಿ. ಬೋಟು ಹಗ್ಗ ಬಿಚ್ಚಿ ಹೊರಡುವವರೆಗೂ ಚಾಲಕರು ಜೆಟ್ಟಿಯಲ್ಲೇ ಇರಲಿ. ಕೊನೆ ಗಳಿಗೆಯಲ್ಲಿ ಮಂಜೋ ಎಂಜಿನ್ ತೊಂದರೆಯೋ ಬಂದರೆ, ಅಥವಾ ಗಾಲಿಕುರ್ಚಿಯವರಿಗೆ ಹಲಗೆ ಕಡಿದಾಗಿ ಕಂಡರೆ, ಅವರು ಒಬ್ಬರ ಜೊತೆಗೆ ಅದೇ ಬಸ್ಸಿನಲ್ಲಿ ಹೋಗಬಹುದು.

ಸಂಚಾಲಕಿ_40
ಸೇರಿಸಿದೆ. ಇಳಿಯುವ ಕಡೆಯ ಜೆಟ್ಟಿಯ ಫೋಟೊ ಕೇಳಿ ಬರೆದಿದ್ದೇನೆ. ತೇಲುವ ಜೆಟ್ಟಿ ಅಂದರು. ಹಲಗೆಯ ಉದ್ದ, ಆ ದಿನದ ನೀರಿನ ಮಟ್ಟ ಬೋಟಿನವರು ಇನ್ನೂ ತಿಳಿಸಬೇಕಿದೆ.